ತೋಮಾನ ಬಾಯಿಗೆ ಕನ್ನಡ

ಹೈದರಾಬಾದ್
5 ನವೆಂಬರ್ 2024

ನವೀದ್ ಬೇಟಾ,

ಸಲಾಂ. ನಿನ್ನ ಫೋನನ್ನು ಅಬ್ಬಾ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರಂತೆ. ಹತ್ತನೇ ತರಗತಿ ಮುಗಿಯುವ ತನಕ ಚಿಕ್ಕಬಳ್ಳಾಪುರದ ಹಾಸ್ಟೆಲಿನಿಂದ ತಿಂಗಳಿಗೊಮ್ಮೆ ಮನೆಗೆ ಫೋನು, ಉಳಿದದ್ದೆಲ್ಲ ಕಾಗದ ಎಂದು ನಿನ್ನ ಅಮ್ಮಿ ಹೇಳಿದಳು. ಹಾಗಾಗಿ ಅವಳ ತಂಗಿ, ನಿನ್ನ ರುಬೀನಾ ಖಾಲಾ, ಎಷ್ಟೋ ವರ್ಷದ ಮೇಲೆ ಪೋಸ್ಟಾಫೀಸಿಗೆ ಹೋಗಿ ಕವರು ಕೊಂಡಿದ್ದಾಳೆ. ನಮ್ಮ ಮನೆಮಾತು ಉರ್ದುವಾದರೂ ಅದನ್ನು ಬರೆಯಲು ನಿನಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಶಿಡ್ಲಘಟ್ಟದ ಶಾಲೆ ಇಬ್ಬರಿಗೂ ಕಲಿಸಿದ್ದು ಕನ್ನಡ. ಅದರಲ್ಲೇ ಬರೆಯುತ್ತೇನೆ.

ಬರೀ ಕ್ಷೇಮ ಕೇಳುವ ಕಾಗದವಲ್ಲ ಇದು. ಕೆಲಸವಿದೆ. ನಾನು ಇಲ್ಲಿ ಡಬ್ಬಿಂಗ್ ಸ್ಟುಡಿಯೋದಲ್ಲಿ ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡ ಮಾತು ಬರೆಯುತ್ತೇನೆ ಎಂಬುದು ನಿನಗೆ ಗೊತ್ತಲ್ಲ. ಇಷ್ಟು ದಿನ ಮಾತಾಡುವ ಕೋತಿ, ಹಾರುವ ಕಾರು ಇಂಥವೇ. ಈ ಸಲ ಒಂದು ದೊಡ್ಡ ಆನಿಮೇಷನ್ ಚಿತ್ರ ಬಂದಿದೆ. ಅದರಲ್ಲಿ ತೋಮಾ ಎಂಬ ಹದಿನಾಲ್ಕು ವರ್ಷದ ಹುಡುಗ. ಹೊಸ ಊರು, ಹೊಸ ಶಾಲೆ. ಒಂದು ದಿನ ಕ್ಲಾಸಿನ ನೆಲದ ಮೇಲೆ ನೀರು ಕಾಣಿಸುತ್ತದೆ. ಅವನಿಗೆ ಮಾತ್ರ. ಬೇರೆಯವರೆಲ್ಲ ಒಣ ಬೂಟಿನಲ್ಲಿ ಓಡಾಡುತ್ತಾರೆ. ನೀರು ದಿನದಿನಕ್ಕೆ ಏರುತ್ತದೆ. ಅವನ ಮನಸ್ಸಿನಲ್ಲಿ ಆಗುತ್ತಿರುವುದನ್ನು ಹಾಗೆ ತೋರಿಸಿದ್ದಾರೆ.

ಊಟದ ಮೇಜಿನ ಹತ್ತಿರ ಅವನ ತಾಯಿ "ಏನಾಯಿತು?" ಎಂದು ಕೇಳುತ್ತಾಳೆ. ಆಗ ನೀರು ಅವನ ಎದೆಮಟ್ಟ ಬಂದಿರುತ್ತದೆ. ಮೂಲದಲ್ಲಿ ಅವನು ಒಂದೇ ಪದದಲ್ಲಿ ತನಗೆ ಆಗುತ್ತಿರುವುದನ್ನು ಹೇಳಿಬಿಡುತ್ತಾನೆ. ನಾನು "ನನಗೆ ಆತಂಕ" ಎಂದು ಬರೆದೆ. ರೆಕಾರ್ಡಿಂಗ್ ನೋಡಿಕೊಳ್ಳುವ ಸುನೀಲ್ ನಕ್ಕುಬಿಟ್ಟರು. "ಮೇಡಂ, ಹುಡುಗ ವಾರ್ತೆ ಓದ್ದಂಗಿದೆ!" ಪಕ್ಕದ ಕೋಣೆಯಲ್ಲಿ ತೆಲುಗಿನವರಿಗೆ ಆಗಲೇ ಮಾತು ಸಿಕ್ಕಿದೆ. ನನಗೆ ಸಿಕ್ಕಿಲ್ಲ. ಮಾತು ಮುಗಿಯುವಾಗ ಹುಡುಗನ ತುಟಿ ಮುಚ್ಚುತ್ತದೆ, ಕನ್ನಡದ ಮಾತೂ ಹಾಗೇ ಮುಚ್ಚಬೇಕು.

ನೀನೂ ಹೆಚ್ಚುಕಡಿಮೆ ಅವನ ವಯಸ್ಸಿನವನು. ನೀವು ಹುಡುಗರು ಇಂಥ ಹೊತ್ತಲ್ಲಿ ಏನನ್ನುತ್ತೀರಿ?

ಊರಿನಿಂದ ನಮ್ಮಮ್ಮ, ನಿನ್ನ ನಾನಿ, ಫೋನಿನಲ್ಲಿ ನಿನಗೆ ದುವಾ ಹೇಳಿದ್ದಾರೆ. ಚೆನ್ನಾಗಿ ತಿನ್ನು.

ನಿನ್ನ ಖಾಲಾ
ರುಬೀನಾ

*

ಚಿಕ್ಕಬಳ್ಳಾಪುರ
17 ನವೆಂಬರ್ 2024

ಖಾಲಾ,

ನಿಮ್ಮ ಕಾಗದ ಬಂತು. ವಾರ್ಡನ್ ಭಾನುಪ್ರಕಾಶ್ ಸರ್ ಒಡೆದು ಓದಿ ಕೊಟ್ಟರು. ಬರುವುದನ್ನೂ ಓದುತ್ತಾರೆ, ಹೋಗುವುದನ್ನೂ ಓದುತ್ತಾರೆ. ಇದನ್ನೂ ಓದುತ್ತಾರೆ. ನಮಸ್ಕಾರ ಸರ್.

ಇಡೀ ಹಾಸ್ಟೆಲಿಗೆ ಕಾಗದ ಬರುವುದು ನನಗೊಬ್ಬನಿಗೇ. ಪಕ್ಕದ ಮಂಚದ ಮುನೇಶ್ "ಯಾವ ಕಾಲದಲ್ಲಿದೀಯೋ ನೀನು" ಎಂದು ನಕ್ಕ. ಅವನು ಗೌರಿಬಿದನೂರು ಕಡೆಯವನು. ಅಪ್ಪ ಅಮ್ಮ ಇಬ್ಬರಿಗೂ ಕುಡುಮಲಕುಂಟೆಯಲ್ಲಿ ಫ್ಯಾಕ್ಟರಿ ಕೆಲಸ.

ಖಾಲಾ, ಆತಂಕ ಅನ್ನುವುದು ಪುಸ್ತಕದಲ್ಲಿ ಇರುವ ಪದ. ನಮ್ಮ ಹಾಸ್ಟೆಲಿನಲ್ಲಿ ಇರುವುದು ಮೂರೇ. ಬೋರು, ಟೆನ್ಶನ್, ಮೂಡ್ ಆಫ್. ಅದು ಬಿಟ್ಟರೆ ಬೇಜಾರು. ಮ್ಯಾಚ್ ಸೋತರೂ ಬೇಜಾರು, ಸಾರಿಗೆ ಉಪ್ಪಿಲ್ಲದಿದ್ದರೂ ಬೇಜಾರು, ಭಾನುವಾರ ಮನೆಯಿಂದ ಯಾರೂ ಬರದಿದ್ದರೂ ಬೇಜಾರು. ಯಾವ ಬೇಜಾರು ಎಂದು ಯಾರೂ ಕೇಳುವುದಿಲ್ಲ.

ಆದರೆ ತೋಮಾ ಇದು ಯಾವುದನ್ನೂ ಹೇಳುವುದಿಲ್ಲ. ತಾಯಿ ಕೇಳಿದರೆ ಅವನು "ಏನಿಲ್ಲಮ್ಮ" ಅನ್ನುತ್ತಾನೆ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ. ಕೊನೆಗೆ ತುಟಿ ಮುಚ್ಚುತ್ತದೆ.

ಮೂಲದಲ್ಲಿ ಹೇಳಿಬಿಡುತ್ತಾನೆ ಅಂದಿರಿ. ಅವರ ಊರಲ್ಲಿ ಹೇಳಬಹುದು. ನಮ್ಮ ಕಡೆ ಹುಡುಗ ಎದೆಮಟ್ಟ ನೀರಲ್ಲಿ ನಿಂತರೂ "ಏನಿಲ್ಲಮ್ಮ" ಅನ್ನುತ್ತಾನೆ.

ನಾನಿಗೆ ಸಲಾಂ ಹೇಳಿ. ಕೆಮ್ಮು ಹೋಯಿತಾ?

ನವೀದ್

*

ಹೈದರಾಬಾದ್
26 ನವೆಂಬರ್ 2024

ನನ್ನ ಜಾಣ ಮರಿ,

"ಏನಿಲ್ಲಮ್ಮ" ಕೂತುಬಿಟ್ಟಿತು! ಪರದೆಯ ಮೇಲೆ ಹುಡುಗನ ತುಟಿ ಮುಚ್ಚುವುದಕ್ಕೂ "ಮ್ಮ" ಮುಗಿಯುವುದಕ್ಕೂ ಕೂದಲೆಳೆಯಷ್ಟು ಅಂತರವಿಲ್ಲ. ಅರ್ಥ ತಿರುಗಿಹೋಯಿತಲ್ಲ ಎಂದು ಮೊದಲು ಅಳುಕಿದೆ. ಸುನೀಲ್ ಹೇಳಿದರು, "ಹಿಂದೆ ನೀರು ಕಾಣ್ತಾ ಇದೆಯಲ್ಲ ಮೇಡಂ. ಬಾಯಲ್ಲಿ ಇಲ್ಲ ಅಂದ್ರೆ ಇನ್ನೂ ಜೋರಾಗಿ ತಟ್ಟುತ್ತೆ." ಧ್ವನಿ ಕೊಡುವ ಹುಡುಗನೂ ಮೊದಲ ಬಾರಿಗೇ ಸರಿಯಾಗಿ ಹೇಳಿದ. ಬೇರೆ ಮಾತುಗಳನ್ನೆಲ್ಲ ಅವನಿಗೆ ಹತ್ತು ಸಲ ಹೇಳಿಸಬೇಕು. ಇದೊಂದನ್ನು ಮಾತ್ರ ಹುಟ್ಟಿನಿಂದ ಹೇಳಿಕೊಂಡು ಬಂದವನ ಹಾಗೆ ಹೇಳಿದ.

ಈಗ ಇನ್ನೊಂದು. ಕ್ಲಾಸಿನ ದೃಶ್ಯ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ, ನೀರು ತೋಮಾನ ಗಂಟಲಿಗೆ ಬಂದಿದೆ, ಅವನು ಎದ್ದು ನಿಂತು ಏನೋ ಹೇಳಿ ಹೊರಗೆ ಓಡುತ್ತಾನೆ. ಏನು ಹೇಳುತ್ತಾನೆ? ಅದಕ್ಕೂ ಮೊದಲು ಒಳಗೆ ಏನಾಗುತ್ತಿರುತ್ತದೆ? ಬರೆದು ಕಳಿಸು. ಧ್ವನಿ ಕೊಡುವ ಹುಡುಗನಿಗೆ ವಿವರಿಸಬೇಕು.

ನಾನಿಗೆ ಚಳಿಗಾಲದ ಕೆಮ್ಮು, ಪ್ರತಿ ವರ್ಷದ್ದೇ. ಚಿಂತಿಸಬೇಡ.

ಖಾಲಾ

*

ಚಿಕ್ಕಬಳ್ಳಾಪುರ
8 ಡಿಸೆಂಬರ್ 2024

ಖಾಲಾ,

ಕ್ಲಾಸಿನ ದೃಶ್ಯದ ಬಗ್ಗೆ ಯೋಚಿಸಿದೆ. ತೋಮಾನಿಗೆ ಹೀಗೆ ಆಗುತ್ತದೆ.

ಮೊದಲು ಬೆರಳು ತಣ್ಣಗಾಗುತ್ತವೆ. ಪೆನ್ನು ಹಿಡಿದ ಕೈ ತನ್ನದಲ್ಲ ಅನಿಸುತ್ತದೆ. ಮೇಷ್ಟ್ರ ಮಾತು ಪಕ್ಕದ ಮನೆಯ ಟಿ.ವಿ. ಹಾಗೆ ದೂರದಿಂದ ಕೇಳಿಸುತ್ತದೆ. ಉಸಿರು ಒಳಗೆ ಹೋಗುತ್ತದೆ, ಆದರೆ ತುಂಬುವುದಿಲ್ಲ. ಇನ್ನೊಮ್ಮೆ ಎಳೆದುಕೊಂಡರೂ ತುಂಬುವುದಿಲ್ಲ. ಸತ್ತೇಹೋಗುತ್ತೇನೆ ಅನಿಸುತ್ತದೆ, ಆದರೆ ಆ ಕ್ಷಣ ಅವನಿಗೆ ಸಾವಿಗಿಂತ ದೊಡ್ಡ ಭಯ ಮುಂದಿನ ಬೆಂಚಿನವರು ತಿರುಗಿ ನೋಡಿಬಿಟ್ಟರೆ ಎನ್ನುವುದು.

ಅದಕ್ಕೇ ಅವನು "ನಂಗೇನೋ ಆಗ್ತಿದೆ" ಅನ್ನುವುದಿಲ್ಲ. ಎದ್ದು ನಿಂತು "ಸರ್, ನೀರು ಕುಡ್ದು ಬರ್ತೀನಿ" ಅನ್ನುತ್ತಾನೆ. ಅದಕ್ಕೆ ಮಾತ್ರ ಯಾರೂ ಬೇಡ ಅನ್ನುವುದಿಲ್ಲ. ಹೊರಗೆ ಟ್ಯಾಂಕಿನ ಹತ್ತಿರ ನಿಂತು ಗೋಡೆಗೆ ಹಣೆ ಒತ್ತಿಕೊಳ್ಳುತ್ತಾನೆ. ಗೋಡೆ ತಣ್ಣಗಿರುತ್ತದೆ. ಆಮೇಲೆ ಮುಖ ತೊಳೆದು ವಾಪಸ್ ಬರುತ್ತಾನೆ.

ಒಂದು ದಿನ ಅವನನ್ನು ಹೆಲ್ತ್ ರೂಮಿಗೂ ಕಳಿಸಬಹುದು. ಅಲ್ಲಿ ಗ್ಯಾಸ್ ಎಂದು ಮಾತ್ರೆ ಕೊಡಬಹುದು. ಚಿತ್ರದಲ್ಲಿ ಅದು ಇಲ್ಲದಿದ್ದರೆ ಸೇರಿಸಲು ಆಗುತ್ತದಾ?

ಕೊನೆಗೆ ಏನಾಗುತ್ತದೆ ಖಾಲಾ? ನೀರು ಹೋಗುತ್ತದಾ?

ನವೀದ್

*

ಹೈದರಾಬಾದ್
20 ಡಿಸೆಂಬರ್ 2024

ಬೇಟಾ,

ನಿನ್ನ ಕಾಗದ ಓದಿ ಸುನೀಲ್ ಕುರ್ಚಿಯಿಂದ ಎದ್ದು ಚಪ್ಪಾಳೆ ಹೊಡೆದರು. ನೀರು ತುಂಬಿದ ಕ್ಲಾಸಿನಲ್ಲಿ ನಿಂತು ನೀರು ಕುಡಿದು ಬರುತ್ತೇನೆ ಅನ್ನುವುದು! ಮೂಲದಲ್ಲಿ ಇರುವುದು ಬರೀ "ಕ್ಷಮಿಸಿ". ಚಿತ್ರದ ಜಾಹೀರಾತಿಗೂ ಇದೇ ಮಾತು ಬೇಕಂತೆ. ಇಷ್ಟು ಕಲ್ಪನೆ ನಿನಗೆ ಎಲ್ಲಿಂದ ಬಂತೋ? ಅಬ್ಬಾ ನಿನ್ನನ್ನು ಇಂಜಿನಿಯರ್ ಮಾಡಲಿ, ಆಮೇಲೆ ನಾನು ನಿನ್ನನ್ನು ಕದ್ದುಕೊಂಡು ಬಂದು ಬರಹಗಾರನನ್ನಾಗಿ ಮಾಡುತ್ತೇನೆ.

ಹೆಲ್ತ್ ರೂಮು ಸೇರಿಸಲು ಆಗುವುದಿಲ್ಲ. ಚಿತ್ರ ಬರೆದವರು ಬೇರೆ, ನಾವು ಬಾಯಿಗೆ ಮಾತು ತುಂಬುವವರು ಅಷ್ಟೇ. ಕೊನೆ ಹೇಳಿದರೆ ಮಜಾ ಹೋಗುತ್ತದೆ. ಪರೀಕ್ಷೆ ಮುಗಿಸಿ ಬಾ, ಜೊತೆಗೆ ಕೂತು ನೋಡೋಣ.

ನಾನಿ ಚೆನ್ನಾಗಿದ್ದಾರೆ. ಓದಿಕೋ.

ಖಾಲಾ

*

ಚಿಕ್ಕಬಳ್ಳಾಪುರ
5 ಜನವರಿ 2025

ಖಾಲಾ,

ರಜೆ ಕೊಡಲಿಲ್ಲ. ಬೆಳಿಗ್ಗೆ ಸ್ಪೆಷಲ್ ಕ್ಲಾಸು, ಸಂಜೆ ಟೆಸ್ಟು. ಗಣಿತದಲ್ಲಿ ಕಡಿಮೆ ಬಂತು. ಅಬ್ಬಾಗೆ ಮೆಸೇಜು ಹೋಗಿದೆ.

ಈ ತಿಂಗಳ ಫೋನಿನಲ್ಲಿ ನಾನಿಗೆ ಕೊಡಿ ಅಂದೆ. ಮಲಗಿದ್ದಾರೆ ಅಂದರು ಅಮ್ಮಿ. ಹೋದ ತಿಂಗಳೂ ಹಾಗೇ ಅಂದಿದ್ದರು. ಎರಡು ಸಲವೂ ನಾನು ಫೋನು ಮಾಡಿದ್ದು ಸಂಜೆ. ಆ ಹೊತ್ತಲ್ಲಿ ನಾನಿ ನಮಾಜು ಮುಗಿಸಿ ಬಾಗಿಲಲ್ಲಿ ಕೂರುತ್ತಾರೆ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಾರೆ. ಮಲಗುವುದಿಲ್ಲ.

ತೋಮಾ ನಿದ್ದೆ ಮಾಡುತ್ತಾನಾ? ನೀರಿನಲ್ಲಿ ಹೇಗೆ ಮಲಗುತ್ತಾನೆ?

ಕೊನೆ ಏನು ಹೇಳಿ ಖಾಲಾ. ಮಜಾ ಹೋದರೂ ಪರವಾಗಿಲ್ಲ.

ನವೀದ್

*

ಹೈದರಾಬಾದ್
19 ಜನವರಿ 2025

ನವೀದ್ ಬೇಟಾ,

ಬರೆಯುವುದು ತಡವಾಯಿತು. ಕೆಲಸ ಬಹಳ, ಊರಿಗೆ ಹೋಗಲೂ ಬಿಡುವಿಲ್ಲ. ನಾನಿ ಆರಾಮಾಗಿದ್ದಾರೆ. ನಿನ್ನನ್ನು ನೆನೆಸುತ್ತಿರುತ್ತಾರೆ. ಯಾವ ಯೋಚನೆಯೂ ಬೇಡ, ಪ್ರಿಪರೇಟರಿ ಪರೀಕ್ಷೆಗೆ ಗಮನ ಕೊಡು. ಗಣಿತ ಹೆಚ್ಚು ಮಾಡು.

ಚಿತ್ರದ ಕೊನೆ ಏನೆಂದು ಕೇಳಿದ್ದೆಯಲ್ಲ. ನೀರು ಇಳಿಯುತ್ತದೆ. ಪೂರ್ತಿ. ಕೊನೆಯಲ್ಲಿ ತೋಮಾ ಒಣ ನೆಲದ ಮೇಲೆ ನಿಂತು "ನೀರು ಹೋಯ್ತು" ಅನ್ನುತ್ತಾನೆ.

ಖಾಲಾ

*

ಚಿಕ್ಕಬಳ್ಳಾಪುರ
2 ಫೆಬ್ರವರಿ 2025

ಖಾಲಾ,

ಕಾಗದದ ತಲೆಯ ಮೇಲೆ ಹೈದರಾಬಾದ್ ಎಂದು ಬರೆದಿದ್ದೀರಿ. ಕವರಿನ ಮೇಲಿನ ಅಂಚೆ ಮುದ್ರೆ ಶಿಡ್ಲಘಟ್ಟದ್ದು.

ಊರಿಗೆ ಬರಲು ಬಿಡುವಿಲ್ಲದವರು ಶಿಡ್ಲಘಟ್ಟದಲ್ಲಿ ಏನು ಮಾಡುತ್ತಿದ್ದಿರಿ?

ನಾನಿಗೆ ಏನಾಗಿದೆ? ಹೇಳಿ. ಭಾನುಪ್ರಕಾಶ್ ಸರ್ ಓದಿದರೂ ಪರವಾಗಿಲ್ಲ.

ನವೀದ್

*

ಹೈದರಾಬಾದ್
9 ಫೆಬ್ರವರಿ 2025

ನವೀದ್,

ನಿನ್ನ ಕಾಗದ ಮೊನ್ನೆ ಬಂತು. ಎರಡು ದಿನ ಆಪಾ ಜೊತೆ, ಅಂದರೆ ನಿನ್ನ ಅಮ್ಮಿಯ ಜೊತೆ, ಫೋನಿನಲ್ಲಿ ಜಗಳವಾಡಿದೆ. ಅವಳು ಬೇಡವೆಂದಳು. ಅವಳ ಮಾತು ಮೀರಿ ಬರೆಯುತ್ತಿದ್ದೇನೆ. ನಾಳೆ ಸ್ಪೀಡ್ ಪೋಸ್ಟ್ ಮಾಡುತ್ತೇನೆ.

ನಾನಿ ಇಲ್ಲ ಬೇಟಾ. ಜನವರಿ ಹನ್ನೆರಡರಂದು ತೀರಿಕೊಂಡರು. ಡಿಸೆಂಬರಿನಿಂದಲೇ ಹೃದಯ ಸೋತಿತ್ತು. ಚಿಂತಾಮಣಿಯ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದರು, ಮನೆಗೆ ಹೋಗಬೇಕೆಂದು ಹಟ ಮಾಡಿದರು, ಕರೆತಂದೆವು. ನಾನು ಅವರ ಪಕ್ಕದಲ್ಲಿದ್ದೆ. ನಿನ್ನ ಹೆಸರು ಕರೆದರು.

ಆಮೇಲೆ ಮನೆಯವರೆಲ್ಲ ಕೂತು ಮಾತಾಡಿದರು. ಈಗ ಹೇಳಿದರೆ ಹುಡುಗ ಓದುವುದಿಲ್ಲ, ಪರೀಕ್ಷೆ ಮುಗಿಯಲಿ ಎಂದರು ನಿನ್ನ ಅಬ್ಬಾ. ಹಿಂದಿನ ಕಾಗದವನ್ನು ನಾನು ಬರೆದದ್ದು ನಾನಿಯ ಮಂಚದ ಮೇಲೆ ಕೂತು. ಆಪಾ ಪಕ್ಕದಲ್ಲೇ ನಿಂತಿದ್ದಳು. ಬರೀ ಆರಾಮು ಎಂದು ಬರೆದರೆ ಸಾಕು ಎಂದಳು. ಬರೆದೆ. ದಿನಕ್ಕೆ ನೂರು ಮಾತು ಇನ್ನೊಬ್ಬರ ಬಾಯಿಗೆ ತುಂಬುವವಳು ನಾನು, ಇದೂ ಸಲೀಸಾಗಿ ಬಂತು.

ನೀನು ಸಿಟ್ಟಾದರೆ ಆಗು. ಆದರೆ ಯಾರ ಹತ್ತಿರವಾದರೂ ಮಾತಾಡು. ವಾರ್ಡನ್ ಸರ್, ನೀವು ಇದನ್ನು ಓದುತ್ತಿದ್ದರೆ ದಯವಿಟ್ಟು ಇವತ್ತು ಅವನನ್ನು ಒಬ್ಬನೇ ಬಿಡಬೇಡಿ.

ರುಬೀನಾ

*

ಶಿಡ್ಲಘಟ್ಟ
16 ಫೆಬ್ರವರಿ 2025

ಖಾಲಾ,

ನಿಮ್ಮ ಸ್ಪೀಡ್ ಪೋಸ್ಟನ್ನು ಭಾನುಪ್ರಕಾಶ್ ಸರ್ ನಿನ್ನೆ ಮನೆಗೆ ತಂದುಕೊಟ್ಟರು. ನೀವು ಅದನ್ನು ಬರೆದ ಭಾನುವಾರವೇ ನಾನು ಹಾಸ್ಟೆಲ್ ಬಿಟ್ಟು ಬಂದಿದ್ದೆ.

ಅವತ್ತು ಮುನೇಶನನ್ನು ನೋಡಲು ಅವನ ಅಪ್ಪ ಅಮ್ಮ ಬಂದಿದ್ದರು. ಅವರ ಜೊತೆ ಮಾತಾಡುತ್ತಾ ಗೇಟಿನಿಂದ ಆಚೆ ಬಂದೆ. ಯಾರೂ ತಡೆಯಲಿಲ್ಲ. ಬಸ್ ಚಾರ್ಜಿಗೆ ಮುನೇಶ್ ಕೊಟ್ಟ. "ಹೋಗಿ ನೋಡ್ಕೊಂಡು ಬಾರೋ, ಸುಮ್ನೆ ಒದ್ದಾಡ್ಬೇಡ" ಅಂದ.

ಬಸ್ಸಿನಲ್ಲಿ ಉಸಿರು ಕಟ್ಟಿತು. ಕಿಟಕಿ ತೆಗೆದರೂ ತುಂಬಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಜ್ಜಿ "ಏಮಯ್ಯಾ, ವಾಂತಿನಾ?" ಅಂದರು. ಹೂಂ ಅಂದೆ. ಒಂದು ನಿಂಬೆಹಣ್ಣು ಕೊಟ್ಟರು. ವಾಂತಿ ಅಂದರೆ ನಿಂಬೆಹಣ್ಣಾದರೂ ಸಿಗುತ್ತದೆ. ನನಗೆ ಆಗುತ್ತಿದ್ದುದಕ್ಕೆ ಏನೆಂದು ಹೇಳಿ ಏನು ಕೇಳಬೇಕಿತ್ತು?

ಮನೆಯ ಬಾಗಿಲು ತೆರೆದೇ ಇತ್ತು. ಬಾಗಿಲಲ್ಲಿ ನಾನಿ ಇರಲಿಲ್ಲ. ಒಳಗೆ ಅವರ ಮಂಚ ಮಡಚಿ ಗೋಡೆಗೆ ಒರಗಿಸಿದ್ದರು. ಅಮ್ಮಿ ಅಡುಗೆಮನೆಯಿಂದ ಬಂದು ನನ್ನನ್ನು ನೋಡಿ ನಿಂತುಬಿಟ್ಟರು.

"ನಾನಿ ಎಲ್ಲಿ?" ಅಂದೆ.

"ಹಾಸ್ಟೆಲಿಂದ ಹೆಂಗೆ ಬಂದೆ? ಯಾರು ಕಳಿಸಿದ್ರು?"

"ನಾನಿ ಎಲ್ಲಿ ಅಮ್ಮಿ?"

"ಮೊದ್ಲು ಒಳಗೆ ಬಾ. ಊಟ ಮಾಡು. ಏನಿಲ್ಲಪ್ಪ..."

ಅಷ್ಟು ಹೇಳಿ ಅವರಿಗೇ ತಡೆಯಲಾಗಲಿಲ್ಲ. ನೆಲದ ಮೇಲೆ ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ನಾನು ಅಳಲಿಲ್ಲ. ಖಬರಸ್ತಾನಕ್ಕೆ ಹೋದೆ. ಮಣ್ಣು ಇನ್ನೂ ಪೂರ್ತಿ ಕೂತಿರಲಿಲ್ಲ. ಅಲ್ಲೂ ಅಳು ಬರಲಿಲ್ಲ, ಉಸಿರೂ ಬರಲಿಲ್ಲ. ಬಿದ್ದುಬಿಟ್ಟೆ. ಅಬ್ಬಾ ಹುಡುಕಿಕೊಂಡು ಬಂದು ಎತ್ತಿಕೊಂಡು ಹೋದರಂತೆ. ಹದಿನೈದು ವರ್ಷದವನನ್ನು ಬಜಾರಿನ ಮಧ್ಯೆ ಮಗುವಿನ ಹಾಗೆ.

ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ. ಮೊನ್ನೆ ಮನೆ ಮುಂದೆ ಹುಡುಗರು ಫೋನಿನಲ್ಲಿ ನಿಮ್ಮ ಚಿತ್ರದ ಜಾಹೀರಾತು ನೋಡುತ್ತಿದ್ದರು. "ಸರ್, ನೀರು ಕುಡ್ದು ಬರ್ತೀನಿ" ಎಂದು ಕೇಳಿಸಿತು. ಎಲ್ಲರೂ ನಕ್ಕರು. ಹಿಂದಕ್ಕೆ ಹಾಕಿ ಹಾಕಿ ಕೇಳಿಸಿಕೊಂಡು ನಕ್ಕರು.

ಅದು ಕಲ್ಪನೆ ಅಲ್ಲ ಖಾಲಾ. ದಸರಾ ರಜೆ ಮುಗಿದ ಮೇಲೆ ವಾರಕ್ಕೆ ಎರಡು ಸಲ, ಆಮೇಲೆ ದಿನಾ. ಟ್ಯಾಂಕಿನ ಹಿಂದಿನ ಗೋಡೆ ನನ್ನದು. ಗ್ಯಾಸಿನ ಮಾತ್ರೆ ನನಗೆ ಕೊಟ್ಟದ್ದು. ವಾರ್ಡನ್ ಸರ್ ಓದುತ್ತಾರೆ ಎಂದು ತೋಮಾನ ಹೆಸರಲ್ಲಿ ಬರೆದೆ. ಅವರಿಗೆ ಗೊತ್ತಾಗದಿರಲಿ, ನಿಮಗೆ ಗೊತ್ತಾಗಲಿ ಎಂದು ಬರೆದೆ. ನೀವು ಚಪ್ಪಾಳೆ ಹೊಡೆದಿರಿ.

ಆ ಮಾತು ತೆಗೆಸಿ. ಅದು ನನ್ನದು.

ನವೀದ್

*

ಹೈದರಾಬಾದ್
21 ಫೆಬ್ರವರಿ 2025

ನವೀದ್,

ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದಿದೆ. ಎಲ್ಲ ಅಲ್ಲೇ ಇದೆ. "ತೋಮಾ ನಿದ್ದೆ ಮಾಡುತ್ತಾನಾ" ಎಂದು ನೀನು ಕೇಳಿದಾಗ, ನಿನಗೆ ನಿದ್ದೆ ಬರುತ್ತದಾ ಎಂದು ಕೇಳಬೇಕಾದ್ದು ನಾನು. ಕೇಳಲಿಲ್ಲ. ತುಟಿ ಎಲ್ಲಿ ಮುಚ್ಚುತ್ತದೆ ಎಂದು ನೋಡುವುದೇ ನನ್ನ ಕೆಲಸವಾಗಿತ್ತು, ನೋಡಿದ್ದೂ ಅಷ್ಟನ್ನೇ.

ಭಾನುಪ್ರಕಾಶ್ ಸರ್ ನನಗೆ ಫೋನು ಮಾಡಿದ್ದರು. "ಮೇಡಂ, ಹುಡ್ಗ ಸಿನಿಮಾ ಬಗ್ಗೆ ಎಷ್ಟು ಚೆನ್ನಾಗಿ ಬರೀತಾನೆ ಅಂತ ಸ್ಟಾಫ್ ರೂಮಲ್ಲಿ ಓದಿ ಹೇಳಿದ್ದೆ. ನಂಗೂ ಗೊತ್ತಾಗ್ಲಿಲ್ಲ" ಎಂದರು. ಅವರ ಧ್ವನಿ ಕುಗ್ಗಿಹೋಗಿತ್ತು. ಅವರನ್ನು ದೂರಲು ನನಗೆ ಮುಖವಿಲ್ಲ.

ಜಾಹೀರಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಹೇಳಿದ್ದೇನೆ. ಚಿತ್ರದ ಕೆಲಸ ಏಪ್ರಿಲ್ ಕೊನೆಯವರೆಗೆ ಇದೆ. ಆ ದೃಶ್ಯದಲ್ಲಿ ಹಳೆಯ "ಕ್ಷಮಿಸಿ"ಯನ್ನೇ ಮತ್ತೆ ಹಾಕುತ್ತೇವೆ. ಸುನೀಲ್ ಒಂದು ಮಾತೂ ಎದುರಾಡಲಿಲ್ಲ.

ಚಿಕ್ಕಬಳ್ಳಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಶೋಭಾರಾಣಿ ಎಂಬ ಮನಸ್ಸಿನ ಡಾಕ್ಟರಿದ್ದಾರೆ. ವಿಚಾರಿಸಿದ್ದೇನೆ. ಅಬ್ಬಾ ಹತ್ತಿರ ಮಾತಾಡಿದೆ. "ನನ್ನ ಮಗನಿಗೆ ಹುಚ್ಚಾ?" ಎಂದು ಕೂಗಿ ಫೋನಿಟ್ಟರು. ಹತ್ತು ನಿಮಿಷದ ಮೇಲೆ ಅವರೇ ಮಾಡಿ, "ಯಾವತ್ತು ಹೋಗ್ಬೇಕು?" ಎಂದರು. ನಾನೂ ಬರುತ್ತೇನೆ. ಬೇಡ ಅಂದರೆ ಆಸ್ಪತ್ರೆಯ ಗೇಟಿನ ಹೊರಗೆ ಕೂತಿರುತ್ತೇನೆ, ಒಳಗೆ ಬರುವುದಿಲ್ಲ.

ಉತ್ತರ ಬರೆಯಲೇಬೇಕೆಂದಿಲ್ಲ.

ರುಬೀನಾ ಖಾಲಾ

*

ಶಿಡ್ಲಘಟ್ಟ
13 ಏಪ್ರಿಲ್ 2025

ಖಾಲಾ,

ಫೋನು ಈಗ ನನ್ನ ಹತ್ತಿರವೇ ಇದೆ. ಆದರೂ ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನೀವು ಹೇಗಿದ್ದೀಯಾ ಎಂದು ಕೇಳಿದರೆ ನಾನು ಚೆನ್ನಾಗಿದ್ದೀನಿ ಎಂದುಬಿಡುತ್ತೇನೆ. ಅಭ್ಯಾಸ.

ಮೊದಲ ಸಲ ಆಸ್ಪತ್ರೆಗೆ ಹೋದಾಗ ನೀವು ಗೇಟಿನ ಹತ್ತಿರ ಬಿಸಿಲಲ್ಲಿ ಕೂತಿದ್ದದ್ದನ್ನು ನೋಡಿದೆ. ಮಾತಾಡಿಸಲಿಲ್ಲ. ಮನಸ್ಸಾಗಲಿಲ್ಲ. ಹಬ್ಬಕ್ಕೆ ನೀವು ಬಂದಾಗ ಮಾತಾಡಿದೆನಲ್ಲ, ಅದಕ್ಕೆ ಲೆಕ್ಕ ಸರಿಹೋಯಿತು ಅಂದುಕೊಳ್ಳಬೇಡಿ. ಸಿಟ್ಟು ಸ್ವಲ್ಪ ಇದೆ. ಇರಲಿ ಅಂದಿದ್ದಾರೆ ಡಾಕ್ಟರ್.

ಶೋಭಾರಾಣಿ ಮೇಡಂ ಮೊದಲ ದಿನ ಕೇಳಿದ್ದು, ನೀನು ಯಾವ ಭಾಷೆಯಲ್ಲಿ ಅಳುತ್ತೀಯಾ ಎಂದು. ನಾನಿ ಇದ್ದಾಗ ಉರ್ದುವಿನಲ್ಲಿ ಅಂದೆ. ನಾನಿ ರೇಷ್ಮೆ ನೂಲು ತೆಗೆದು ದಣಿದ ದಿನ "ಜೀ ಘಬ್ರಾರಾ" ಅನ್ನುತ್ತಿದ್ದರು. ಜೀವಕ್ಕೆ ಗಾಬರಿ ಎಂದು ಅದರ ಅರ್ಥ, ಆದರೆ ಕನ್ನಡದಲ್ಲಿ ಗಾಬರಿ ಅಂದರೆ ಸಾಲುವುದಿಲ್ಲ. ಅದನ್ನು ಹೇಳುವಾಗ ಅಳು ಬಂತು. ನಾನಿಗಾಗಿ ಅತ್ತದ್ದು ಅವತ್ತೇ ಮೊದಲು. ಮಾತ್ರೆ ಕೊಟ್ಟಿದ್ದಾರೆ. ಉಸಿರು ಕಟ್ಟಿದಾಗ ಏನು ಮಾಡಬೇಕೆಂದು ಕಲಿಸಿದ್ದಾರೆ. ಈಗ ವಾರಕ್ಕೊಂದು ಸಲ ಬರುತ್ತದೆ. ಬಾರದ ವಾರವೂ ಇದೆ. ಮನೆಯಲ್ಲೇ ಓದಿಕೊಂಡು, ಪರೀಕ್ಷೆಯನ್ನು ಎರಡನೇ ಸಲ ನಡೆಸುವಾಗ ಬರೆಯುತ್ತೇನೆ.

ಹೋದ ವಾರ ಮುನೇಶ್ ಬಂದಿದ್ದ. ಅವನಿಗೆ ಎಲ್ಲ ಹೇಳಿದೆ. ಅವನು ತಲೆ ತಗ್ಗಿಸಿ ಕೂತಿದ್ದವನು, "ನಾನೂ ನೀರು ಕುಡ್ದು ಬರ್ತೀನಿ ಅಂತ್ಲೇ ಹೇಳಿ ಆಚೆ ಹೋಗ್ತಿದ್ದೆ ಕಣೋ. ನೀನು ಟ್ಯಾಂಕ್ ಹಿಂದೆ ಇರ್ತಿದ್ದೆ, ನಾನು ಶೌಚಾಲಯದ ಹಿಂದೆ" ಅಂದ. ಅವನಿಗೂ ನನಗೂ ನಡುವೆ ಒಂದು ಗೋಡೆ ಇತ್ತು ಅಷ್ಟೇ. ಇಬ್ಬರಿಗೂ ಗೊತ್ತಿರಲಿಲ್ಲ.

ಹಾಗಾಗಿ ಆ ಮಾತನ್ನು ಚಿತ್ರದಲ್ಲಿ ಇಡಿ. ನಗುವವರು ನಗಲಿ. ಎಲ್ಲೋ ಒಬ್ಬ ನಗುವುದಿಲ್ಲ. ಅವನಿಗೆ ಬೇಕು. ಆದರೆ ಕೊನೆಯ ಮಾತು ಬದಲಾಯಿಸಿ. "ನೀರು ಹೋಯ್ತು" ಸುಳ್ಳು. ಹೋದ ದಿನ ಹೋಗಿರುತ್ತದೆ. "ಇವತ್ತು ಮೊಣಕಾಲಿಗಿದೆ" ಅನ್ನಲಿ. ತುಟಿ ಕೂರದಿದ್ದರೆ ನೀವು ಏನಾದರೂ ಮಾಡಿಕೊಳ್ಳಿ, ಅದು ನಿಮ್ಮ ಕೆಲಸ.

ಇಷ್ಟನ್ನು ಹೇಳಲು ಕಾಗದ ಬೇಕಿರಲಿಲ್ಲ. ಬರೆಯಬೇಕಾದ್ದು ಮೊನ್ನೆಯದು.

ಪ್ರತಿ ಸಲ ಅಬ್ಬಾ ನನ್ನನ್ನು ಡಾಕ್ಟರ್ ಕೋಣೆಗೆ ಬಿಟ್ಟು ಹೊರಗೆ ಟೀ ಅಂಗಡಿಗೆ ಹೋಗುತ್ತಿದ್ದರು. ಮೊನ್ನೆ ಮೇಡಂ "ಸಾದಿಕ್ ಪಾಷಾ ಅವ್ರೇ, ನೀವೂ ಕೂತ್ಕೊಳ್ಳಿ" ಅಂದರು. ಅಬ್ಬಾ ಕುರ್ಚಿಯ ತುದಿಯಲ್ಲಿ ಕೂತರು. ಉಸಿರು ಕಟ್ಟುವಾಗ ಹೇಗಿರುತ್ತದೆ ಎಂದು ಅವರ ಮುಂದೆ ಹೇಳಲು ಮೇಡಂ ನನಗೆ ಹೇಳಿದರು. ಹೇಳಿದೆ. ಬೆರಳು ತಣ್ಣಗಾಗುವುದು, ಮಾತು ದೂರವಾಗುವುದು, ಎಲ್ಲ. ಅಬ್ಬಾ ನೆಲ ನೋಡುತ್ತಿದ್ದರು. ಸಿಟ್ಟು ಬಂದಿದೆ ಅಂದುಕೊಂಡೆ.

ಮುಗಿದ ಮೇಲೆ ಮೆಲ್ಲಗೆ ಕೇಳಿದರು. "ಡಾಕ್ಟ್ರೇ, ಇದು ದೊಡ್ಡವ್ರಿಗೂ ಬರ್ತದಾ?"

"ಬರುತ್ತೆ. ಯಾಕೆ ಸರ್?"

"ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ರೇಟು ಹಾಕೋ ಟೈಮಲ್ಲಿ ನಂಗೆ ಹಿಂಗೇ ಆಗ್ತದೆ. ಹತ್ತು ಹದಿನೈದು ವರ್ಷ ಆಯ್ತು. ಕೈ ಐಸ್ ಆಗೋಗ್ತದೆ. ಸುತ್ತ ಎಲ್ರೂ ಮಾತಾಡ್ತಿರ್ತಾರೆ, ಒಂದೂ ಕೇಳಲ್ಲ. ಯಾರ್ಗೆ ಹೇಳೋದು? ಹೇಳಿದ್ರೆ ನಾಳೆ ನಂಜೊತೆ ವ್ಯಾಪಾರ ಮಾಡ್ತಾರಾ?"

ಅಬ್ಬಾ ನನ್ನ ಕಡೆ ನೋಡಲಿಲ್ಲ, ಆದರೆ ಅವರ ಕೈ ಬಂದು ನನ್ನ ಕೈ ಹಿಡಿಯಿತು. ನಿಜವಾಗಿಯೂ ತಣ್ಣಗಿತ್ತು.

ನಮ್ಮೂರಿನ ಮೇಲೆ ಚಿಂತಾಮಣಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ ಹೊರಟೆವು. ಅಬ್ಬಾ ಕಿಟಕಿ ಪಕ್ಕ ನನಗೆ ಕೊಟ್ಟರು. ಊರು ದಾಟುತ್ತಿದ್ದಂತೆ ಮಾತಾಡಲು ಶುರುಮಾಡಿದರು. ನನ್ನ ವಯಸ್ಸಿನಲ್ಲಿ ಅವರು ಶಾಲೆ ಬಿಟ್ಟದ್ದು ಯಾಕೆ, ಮೊದಲ ಸಲ ಮಾರ್ಕೆಟ್ಟಿನಲ್ಲಿ ಹಾಗಾದಾಗ ಯಾವ ಕಂಬ ಹಿಡಿದು ನಿಂತಿದ್ದರು, ನಾನಿ ಅದನ್ನು ನೋಡಿ ಒಂದು ಮಾತೂ ಕೇಳದೆ ಹೇಗೆ ಮನೆಗೆ ಕರೆದುಕೊಂಡು ಹೋದರು. ನಾನಿಗೆ ಅವರು ಬರೀ ಅಳಿಯ, ಆದರೂ ಆಮೇಲೆ ದಿನಾ ಆ ಹೊತ್ತಿಗೆ ಟೀ ತೆಗೆದುಕೊಂಡು ಮಾರ್ಕೆಟ್ಟಿಗೆ ಬರುತ್ತಿದ್ದರಂತೆ. ನಾನಿ ಹೋದದ್ದನ್ನು ನನಗೆ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಿದರು. "ನಿಂಗೆ ಹೇಳಿದ್ರೆ ನೀನು ಅಳ್ತೀಯ. ನೀನು ಅತ್ರೆ ನಾನೂ ಅಳ್ಬೇಕಾಗ್ತದೆ ಅಂತ ಭಯ" ಅಂದರು. ಅಬ್ಬಾ ಒಟ್ಟಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮಧ್ಯೆ ನಾನೇನೂ ಹೇಳಲಿಲ್ಲ. ಹೇಳಿದರೆ ನಿಲ್ಲಿಸಿಬಿಡುತ್ತಾರೇನೋ ಎಂದು.

ಶಿಡ್ಲಘಟ್ಟ ಬಂತು. ಬಸ್ ನಿಂತಿತು. ಜನ ಇಳಿದರು. ಅಬ್ಬಾ ನಮ್ಮ ಊರನ್ನು ಕಿಟಕಿಯಿಂದ ನೋಡಿದರು, ನನ್ನನ್ನು ನೋಡಿದರು. ಎದ್ದೇಳಲಿಲ್ಲ. ಕಂಡಕ್ಟರ್ "ಶಿಡ್ಲಘಟ್ಟ ಯಾರ್ರೀ, ಇಳೀರಿ" ಎಂದು ನಮ್ಮ ಹತ್ತಿರ ಬಂದ.

ಅಬ್ಬಾ ಜೇಬಿಗೆ ಕೈ ಹಾಕಿ, "ಎರಡು ಚಿಂತಾಮಣಿ ಕೊಡಪ್ಪ" ಅಂದರು. ಆಮೇಲೆ ಬಿಟ್ಟಲ್ಲಿಂದ ಮಾತು ಮುಂದುವರಿಸಿದರು.

ನವೀದ್